ಸೈಕಲ್ ಬಲಗಡೆಗೆ ಬಿದ್ದಿದ್ದರೆ ಹಾಗೇ ಹತ್ತಿ ಹೊರಡಬೇಡಿ

ಗೇರ್ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು ದಯವಿಟ್ಟು ಇದನ್ನು ಓದಿ. ಪಂಕ್ಚರ್ ಆದರೆ ಏನು ಮಾಡಬೇಕು ಅಂತ ನಮಗೆಲ್ಲ ಗೊತ್ತಿರುತ್ತದೆ. ನನಗೆ ಆದದ್ದು ಬೇರೆ. ಅದೂ ಏರಿನ ಮಧ್ಯದಲ್ಲಿ, ಹಿಂದೆ ವಾಹನಗಳು ಬರುತ್ತಿರುವಾಗ.

ನಿಜವಾಗಿ ಅದು ಶುರುವಾಗಿದ್ದು ಮೂರು ದಿನ ಮೊದಲೇ. ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಸ್ಟ್ಯಾಂಡ್‌ನಲ್ಲಿ ನನ್ನ ಸೈಕಲ್ ಬಲಕ್ಕೆ ಬಿದ್ದುಕೊಂಡಿತ್ತು. ಯಾರೋ ಪಕ್ಕದ ಸೈಕಲ್ ತೆಗೆಯುವಾಗ ಹ್ಯಾಂಡಲ್ ತಾಗಿರಬೇಕು. ಎತ್ತಿ ನಿಲ್ಲಿಸಿದೆ, ಹ್ಯಾಂಡಲ್ ನೇರ ಮಾಡಿದೆ, ಬ್ರೇಕ್ ಹಿಡಿದು ನೋಡಿದೆ, ಹೊರಟೆ. ಚೈನ್ ಇರುವ ಕಡೆಗೇ ಬಿದ್ದಿದೆ ಅನ್ನುವುದು ತಲೆಗೆ ಹೋಗಲೇ ಇಲ್ಲ.

ಮರುದಿನದಿಂದ ಏರು ಹತ್ತುವಾಗ ಹಿಂದಿನಿಂದ ಟಿಕ್ ಟಿಕ್ ಅಂತ ಸದ್ದು. ಹಗುರ ಗೇರ್‌ನಲ್ಲಿ ಮಾತ್ರ. ಉಳಿದ ಗೇರ್‌ಗಳು ಕೂಡ ಸರಿಯಾಗಿ ಕೂರುತ್ತಿರಲಿಲ್ಲ, ಒಂದಕ್ಕೆ ಹಾಕಿದರೆ ಸ್ವಲ್ಪ ತಡವಾಗಿ ಬೀಳುತ್ತಿತ್ತು. ಒಂದು ಅಂಗಡಿಗೆ ಹೋದೆ. ಅಲ್ಲಿನವರು ಕೇಬಲ್ ಸ್ವಲ್ಪ ಬಿಗಿ ಮಾಡಿ, ಪೆಡಲ್ ನಾಲ್ಕು ಸುತ್ತು ತಿರುಗಿಸಿ, "ಸರಿ ಹೋಯ್ತು, ಹೋಗಿ ಸರ್" ಅಂದರು. ಹಿಂದೆ ನಿಂತು ಒಮ್ಮೆಯೂ ನೋಡಲಿಲ್ಲ. ನಾನೂ ನೋಡಿ ಅಂತ ಕೇಳಲಿಲ್ಲ, ಬಿದ್ದಿತ್ತು ಅಂತಲೂ ಹೇಳಲಿಲ್ಲ. ಆ ಒಂದು ಮಾತು ಹೇಳಿದ್ದರೆ ಸಾಕಿತ್ತು ಅಂತ ಈಗಲೂ ಅನಿಸುತ್ತದೆ.

ಮೂರನೇ ದಿನ ಬೆಳಿಗ್ಗೆ, ಕೆಲಸಕ್ಕೆ ಹೊತ್ತಾಗುತ್ತಿತ್ತು. ಏರು ಬಂತು, ಎಲ್ಲಕ್ಕಿಂತ ಹಗುರ ಗೇರ್‌ಗೆ ಹಾಕಿದೆ. ಕರಕರ ಅಂತ ಒಂದೇ ಸದ್ದು, ಪೆಡಲ್ ಕಲ್ಲಿನ ಹಾಗೆ ನಿಂತುಹೋಯಿತು, ಹಿಂದಿನ ಗಾಲಿ ಜಾಮ್. ಕಾಲು ಊರಿ ನಿಂತೆ, ಬೀಳಲಿಲ್ಲ. ಹಿಂದಿನ ವಾಹನದವರು ಬ್ರೇಕ್ ಹಾಕಿದ್ದು ಕೇಳಿಸಿತು. ಏರಾಗಿದ್ದರಿಂದ ನಿಧಾನಕ್ಕೆ ಹೋಗುತ್ತಿದ್ದೆ, ಇಲ್ಲದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಆದದ್ದು ಇಷ್ಟು. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೋಳು ಇದೆಯಲ್ಲ, ಎರಡು ಪುಟ್ಟ ಚಕ್ರಗಳು ಇರುತ್ತವಲ್ಲ, ಅದೇ ಡಿರೇಲರ್. ಈಗಿನ ಹೆಚ್ಚಿನ ಗೇರ್ ಸೈಕಲ್‌ಗಳಲ್ಲಿ ಅದು ಫ್ರೇಮ್‌ಗೆ ನೇರವಾಗಿ ಕೂತಿರುವುದಿಲ್ಲ. ನಡುವೆ ಹ್ಯಾಂಗರ್ ಅಂತ ಒಂದು ಚಿಕ್ಕ ಅಲ್ಯೂಮಿನಿಯಂ ತುಂಡು ಇರುತ್ತದೆ. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಸೈಕಲ್ ಬಲಕ್ಕೆ ಬಿದ್ದಾಗ ನನ್ನ ಹ್ಯಾಂಗರ್ ಒಳಗೆ ಬಗ್ಗಿತ್ತು, ಅದರ ಜೊತೆ ಡಿರೇಲರ್ ಕೂಡ ಗಾಲಿಯ ಕಡ್ಡಿಗಳ ಕಡೆ ವಾಲಿತ್ತು. ಇದಕ್ಕಿಂತ ಒಳಗೆ ಹೋಗಬೇಡ ಅಂತ ತಡೆಯುವ 'ಎಲ್' ಸ್ಕ್ರೂ ಒಂದಿದೆ, ಆದರೆ ಅದನ್ನು ಸೆಟ್ ಮಾಡಿದ್ದು ಹ್ಯಾಂಗರ್ ನೇರ ಇದ್ದಾಗ. ಬಗ್ಗಿದ ಮೇಲೆ ಅದು ಎಲ್ಲಿ ತಡೆಯುತ್ತದೆ? ಆ ಟಿಕ್ ಟಿಕ್ ಸದ್ದು ಕಡ್ಡಿಗಳು ಡಿರೇಲರ್‌ಗೆ ತಾಗುತ್ತಿದ್ದ ಸದ್ದು. ಕೇಬಲ್ ಬಿಗಿ ಮಾಡಿದ್ದರಿಂದ ಗೇರ್ ಸ್ವಲ್ಪ ಚೆನ್ನಾಗಿ ಬೀಳತೊಡಗಿತು, ನಿಜವಾದ ತೊಂದರೆ ಮುಚ್ಚಿಹೋಯಿತು. ಮೂರನೇ ದಿನ ಎಲ್ಲಕ್ಕಿಂತ ಹಗುರ ಗೇರ್‌ಗೆ, ಅಂದರೆ ಕಡ್ಡಿಗಳಿಗೆ ಹತ್ತಿರ ಇರುವ ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಹಾಕಿದಾಗ, ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು.

ಇನ್ನೊಂದು ವಿಷಯ. ಹಲವು ಹೊಸ ಸೈಕಲ್‌ಗಳಲ್ಲಿ ದೊಡ್ಡ ಹಲ್ಲಿನ ಚಕ್ರಕ್ಕೂ ಕಡ್ಡಿಗಳಿಗೂ ನಡುವೆ, ಚೈನ್ ಕಡ್ಡಿಗಳೊಳಗೆ ಹೋಗದಿರಲಿ ಅಂತ, ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ನೋಡೋಕೆ ಚೆನ್ನಾಗಿಲ್ಲ ಅಂತ ನಾನು ಅದನ್ನು ತೆಗೆಸಿದ್ದೆ. ದಿನಾ ಕೆಲಸಕ್ಕೆ ಓಡಿಸುವ ಸೈಕಲ್ ಆದರೆ ಅದು ಇರಲಿ ಬಿಡಿ, ತೆಗೆಸಬೇಡಿ.

ರಸ್ತೆ ಬದಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಡಿರೇಲರನ್ನು ಹಿಡಿದು ಜಗ್ಗಿದ್ದು. ಆಗಲೇ ಎರಡು ಕಡ್ಡಿ ಮುರಿದಿದ್ದವು, ಜಗ್ಗಿದ್ದಕ್ಕೆ ಇನ್ನೊಂದು ಹೋಯಿತು, ಗಾಲಿ ಬೆಂಡ್ ಆಗಿ ಬ್ರೇಕಿಗೆ ಉಜ್ಜತೊಡಗಿತು. ಹಿಂದಿನ ಗಾಲಿ ತಿರುಗದಿದ್ದರೆ ತಳ್ಳಿಕೊಂಡೂ ಹೋಗಲಾಗುವುದಿಲ್ಲ, ಹಿಂಭಾಗ ಎತ್ತಿ ಹಿಡಿದುಕೊಂಡೇ ನಡೆಯಬೇಕು. ನಡೆದೆ. ಒಂದು ಗಂಟೆಗಿಂತ ಜಾಸ್ತಿ ತಡವಾಯಿತು.

ನಿಮಗೆ ಹೀಗಾದರೆ ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ. ಪೆಡಲನ್ನು ಮುಂದಕ್ಕೆ ಒತ್ತಲೇಬೇಡಿ, ಒತ್ತಿದಷ್ಟೂ ಅದು ಇನ್ನೂ ಒಳಗೆ ಸಿಕ್ಕಿಕೊಳ್ಳುತ್ತದೆ. ಚೈನ್‌ನಲ್ಲಿ ಕ್ವಿಕ್ ಲಿಂಕ್ (ಬಿಚ್ಚಿ ಹಾಕಬಹುದಾದ ಕೊಂಡಿ) ಇದ್ದರೆ ಅದನ್ನು ಬಿಚ್ಚಿ, ಇಲ್ಲದಿದ್ದರೆ ಚೈನ್ ಟೂಲ್‌ನಿಂದ ಪಿನ್ ತಳ್ಳಿ ಬಿಡಿಸಿ. ಆಮೇಲೆ ಡಿರೇಲರ್ ಬೋಲ್ಟ್ ತೆಗೆಯಿರಿ, ಸಾಮಾನ್ಯವಾಗಿ 5 ಎಂಎಂ ಅಲೆನ್ ಕೀ ಸಾಕು. ಕಡ್ಡಿಗಳಿಂದ ಮೆಲ್ಲಗೆ ಬಿಡಿಸಿ ಫ್ರೇಮ್‌ಗೆ ಕಟ್ಟಿ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ. ಗಾಲಿ ಉಜ್ಜುತ್ತಿದ್ದರೆ ಹಿಂದಿನ ಬ್ರೇಕ್ ಸಡಿಲ ಮಾಡಿ. ಆಗ ತಳ್ಳಿಕೊಂಡಾದರೂ ಹೋಗಬಹುದು.

ಚೈನ್ ಚಿಕ್ಕದು ಮಾಡಿ ಒಂದೇ ಗೇರ್‌ನಲ್ಲಿ ಓಡಿಸಿಕೊಂಡು ಹೋಗಿ ಅಂತ ಕೆಲವರು ಹೇಳುತ್ತಾರೆ. ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಲು ಬರುವ ಫ್ರೇಮ್ ಆದರೆ ಸರಿ. ಈಗಿನ ಹೆಚ್ಚಿನ ಗೇರ್ ಸೈಕಲ್‌ಗಳಲ್ಲಿ ಹಾಗೆ ಸರಿಸಲು ಬರುವುದಿಲ್ಲ, ಚೈನ್ ತಾನಾಗಿ ಪಕ್ಕದ ದೊಡ್ಡ ಚಕ್ರಕ್ಕೆ ಹತ್ತಿ ಮತ್ತೆ ಬಿಗಿದುಕೊಳ್ಳಬಹುದು. ಗಾಲಿಯೂ ಬೆಂಡ್ ಆಗಿದ್ದರೆ ಆ ಸಾಹಸಕ್ಕೆ ಹೋಗಲೇಬೇಡಿ.

ಹ್ಯಾಂಗರ್ ಸಿಗಲು ನಾನು ಎರಡು ವಾರ ಕಾದೆ. ಯಾಕೆಂದರೆ ಒಂದೊಂದು ಫ್ರೇಮ್‌ಗೂ ಅದರ ಆಕಾರ ಬೇರೆ. ನೂರಾರು ಬಗೆ ಇವೆ. 2019ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಸ್ರಾಮ್ ಕಂಪನಿ ಎಲ್ಲರೂ ಬಳಸಬಹುದಾದ ಯುಡಿಎಚ್ ಅನ್ನುವ ಒಂದೇ ಆಕಾರದ ಹ್ಯಾಂಗರ್ ತಂದಿದೆ, ಆದರೆ ಅದು ಕೂರುವುದು ಅದಕ್ಕೆಂದೇ ಮಾಡಿದ ಫ್ರೇಮ್‌ಗಳಿಗೆ ಮಾತ್ರ. ಅದಕ್ಕೇ ಸೈಕಲ್ ಚೆನ್ನಾಗಿರುವಾಗಲೇ ನಿಮ್ಮ ಫ್ರೇಮ್‌ನ ಹ್ಯಾಂಗರ್ ಒಂದನ್ನು ತರಿಸಿ, ಅದರ ಸ್ಕ್ರೂ ಸಮೇತ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಬಿಡಿ. ಹಗುರವಾದ ವಸ್ತು, ಇದ್ದದ್ದೇ ಗೊತ್ತಾಗುವುದಿಲ್ಲ.

ಬಿದ್ದ ಸೈಕಲನ್ನು ನೋಡುವುದು ಕಷ್ಟವೇನಲ್ಲ. ಹಿಂದೆ ಕುಳಿತು ನೋಡಿ. ಡಿರೇಲರ್‌ನ ಎರಡು ಪುಟ್ಟ ಚಕ್ರಗಳು, ಮೇಲಿನ ಹಲ್ಲಿನ ಚಕ್ರ, ಮೂರೂ ಒಂದೇ ಗೆರೆಯಲ್ಲಿ ನೇರ ಇರಬೇಕು. ಕೆಳಗಿನದು ಗಾಲಿಯ ಕಡೆ ವಾಲಿದ್ದರೆ ಹ್ಯಾಂಗರ್ ಬಗ್ಗಿದೆ. ನಂತರ ಹಿಂದಿನ ಗಾಲಿ ಎತ್ತಿ, ಕೈಯಿಂದ ನಿಧಾನವಾಗಿ ಪೆಡಲ್ ತಿರುಗಿಸುತ್ತಾ ಗೇರ್ ಒಂದೊಂದಾಗಿ ಬದಲಿಸಿ. ದೊಡ್ಡ ಚಕ್ರಕ್ಕೆ ಬಂದಾಗ ಕಡ್ಡಿಗಳಿಗೂ ಡಿರೇಲರ್‌ಗೂ ನಡುವೆ ಜಾಗ ಕಾಣಬೇಕು. ಅನುಮಾನ ಬಂದರೆ ಆ ಗೇರ್‌ಗೆ ಹಾಕದೆ ಅಂಗಡಿಯವರೆಗೆ ಹೋಗಿ, ಹ್ಯಾಂಗರ್ ಅಳೆಯುವ ಗೇಜ್ ಇರುವವರ ಹತ್ತಿರವೇ ತೋರಿಸಿ. ಸ್ವಲ್ಪ ಬಗ್ಗಿದ್ದರೆ ನೇರ ಮಾಡಿಕೊಡುತ್ತಾರೆ, ಆದರೆ ಅಲ್ಯೂಮಿನಿಯಂ ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ.

ನಿನ್ನೆ ಅದೇ ಸ್ಟ್ಯಾಂಡ್‌ನಲ್ಲಿ ಬೇರೆ ಯಾರದೋ ಸೈಕಲ್ ಬಲಕ್ಕೆ ಬಿದ್ದಿತ್ತು. ಎತ್ತಿ ನಿಲ್ಲಿಸಿ, ಒಂದು ಚೀಟಿ ಬರೆದು ಸೀಟಿಗೆ ಸಿಕ್ಕಿಸಿ ಬಂದೆ: "ಬಲಗಡೆಗೆ ಬಿದ್ದಿತ್ತು. ಹ್ಯಾಂಗರ್ ನೋಡಿ. ಅಲ್ಲಿಯವರೆಗೆ ದೊಡ್ಡ ಚಕ್ರಕ್ಕೆ ಗೇರ್ ಹಾಕಬೇಡಿ."