ಮುಳ್ಳಯ್ಯನಗಿರಿಯೋ ತಡಿಯಂಡಮೋಳೋ: ಎರಡನ್ನೂ ಹತ್ತಿ ಬಂದ ಮೇಲೆ

ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ತಡಿಯಂಡಮೋಳ್ 1,748 ಮೀಟರ್. ಕೊಡಗಿನಲ್ಲಿ ಅದೇ ದೊಡ್ಡದು. ಹಾಗಾದರೆ ಮುಳ್ಳಯ್ಯನಗಿರಿಯೇ ಕಷ್ಟ ಇರಬೇಕು ಅಲ್ವಾ? ನನ್ನ ಮೊಣಕಾಲನ್ನು ಕೇಳಿ.

ಗಿರಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಚಿಕ್ಕಮಗಳೂರು ಬಿಟ್ಟು ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಹತ್ತಿದರೆ ಸೀತಾಳಯ್ಯನಗಿರಿ. ಅಲ್ಲಿಂದ ಮುಂದೆ ರಸ್ತೆ ಕಿರಿದು, ಎದುರು ಗಾಡಿ ಬಂದರೆ ಎದೆ ಢವಢವ. ಗಾಡಿ ನಿಂತ ಮೇಲೆ ಉಳಿಯುವುದು ಮೆಟ್ಟಿಲು ಮಾತ್ರ. ಅರವತ್ತು ದಾಟಿದ ಅಮ್ಮ ನಾಲ್ಕು ಕಡೆ ಕೂತು, ಸುಧಾರಿಸಿಕೊಂಡು ಹತ್ತಿದಳು. ಮೇಲೆ ಮುಳ್ಳಪ್ಪಸ್ವಾಮಿ ಗುಡಿಗೆ ಕೈ ಮುಗಿದು, "ಇಷ್ಟೇನಾ?" ಅಂದಳು. ನನಗೂ ಹಾಗೇ ಅನ್ನಿಸಿತ್ತು. ನೋಟವೇನೋ ದೊಡ್ಡದು. ಆದರೆ ಅದು ಭಾನುವಾರ. ಸೆಲ್ಫಿ ತೆಗೆಯುವವರ ಮೊಣಕೈ ತಪ್ಪಿಸಿಕೊಂಡು ಎಷ್ಟು ಹೊತ್ತು ನೋಡುವುದು? ಇಳಿಯುವಾಗ ಗಾಡಿಗಳ ಸಾಲಿನಲ್ಲಿ ಒಂದೂವರೆ ಗಂಟೆ ಕಳೆದೆವು. ಈಗ ಗಾಡಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಒಳ್ಳೆಯದೇ ಆಯಿತು.

ತಡಿಯಂಡಮೋಳಿಗೆ ಚಿಕ್ಕಪ್ಪನ ಮಗನ ಜೊತೆ ಡಿಸೆಂಬರಿನಲ್ಲಿ ಹೋದೆ. ವಿರಾಜಪೇಟೆಯಿಂದ ಬಸ್ಸು, ಕಕ್ಕಬ್ಬೆಯ ಹತ್ತಿರ ಕೈಕಂಬದಲ್ಲಿ ಇಳಿದು ಅಲ್ಲಿಂದಲೇ ನಡಿಗೆ. ಮೊದಲು ಸಿಗುವುದು ನಾಲ್ಕುನಾಡು ಅರಮನೆ. ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಅಂದರೆ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. ಇದು ಹಂಚಿನ ಮಾಡು, ಮರದ ಕಂಬಗಳ ದೊಡ್ಡ ಮನೆಯ ಹಾಗಿದೆ. ಒಳಗೆ ಗೋಡೆಯ ಚಿತ್ರಗಳು ಮಾಸಿವೆ. 1834ರಲ್ಲಿ ಬ್ರಿಟಿಷರು ಬಂದಾಗ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಓಡಿ ಬಂದದ್ದು ಇಲ್ಲಿಗೇ. ಸುತ್ತಲಿನ ಕಾಡು ನೋಡಿದರೆ ಯಾಕೆ ಇಲ್ಲಿಗೇ ಬಂದ ಅಂತ ಕೇಳಬೇಕಾಗಿಲ್ಲ.

ಅರಮನೆ ದಾಟಿದ ಮೇಲೆ ಒಂದಷ್ಟು ದೂರ ಜೀಪು ಹೋಗುವ ದಾರಿ, ಆಮೇಲೆ ಹುಲ್ಲುಗುಡ್ಡ. ನಡುವೆ ಒಂದು ದೊಡ್ಡ ಬಂಡೆ ಸಿಗುತ್ತದೆ, ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ ಜಾಗ. ಅಲ್ಲಿಗೆ ಬರುವ ಹೊತ್ತಿಗೆ ನಾನು ಹುಷಾರಾಗಿದ್ದೇನೆ ಅಂದುಕೊಂಡಿದ್ದೆ. ಕೊನೆಯ ಶೋಲಾ, ಅಂದರೆ ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡು, ಆ ಜಂಬ ಇಳಿಸಿತು. ಬೇರು ಹಿಡಿದುಕೊಂಡು ಹತ್ತುವಷ್ಟು ಕಡಿದಾದ ಏರು, ಒಳಗೆ ಹಗಲಲ್ಲೂ ತಣ್ಣಗೆ, ಕತ್ತಲು. ಅದರಿಂದ ಹೊರಬಂದರೆ ಒಮ್ಮೆಗೇ ಬಯಲು, ಗಾಳಿ, ಸುತ್ತ ನೀಲಿ ಬೆಟ್ಟಗಳ ಸಾಲು. ಮೇಲೆ ನಮ್ಮಿಬ್ಬರನ್ನೂ ಸೇರಿ ಐದೇ ಜನ. ಯಾರೂ ಮಾತಾಡಲಿಲ್ಲ. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು. ಮಾರನೇ ದಿನ ಹೋಂಸ್ಟೇ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮಳೆಗಾಲದಲ್ಲಿ ಹೋಗಬೇಡಿ, ಇಂಬಳ (ಜಿಗಣೆ) ಬಿಡುವುದಿಲ್ಲ.

ಊಟದಲ್ಲೂ ಕೊಡಗೇ ಗೆದ್ದಿತು. ರಾತ್ರಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಬಿಸಿ ಬಿಸಿ ಸಿಕ್ಕಿತು. ಗಿರಿಯಲ್ಲಿ ಸಿಕ್ಕಿದ್ದು ಸುಟ್ಟ ಜೋಳ.

ತೀರ್ಪು ಬರೆದು ಮುಗಿಸಬಹುದಿತ್ತು. ಆದರೆ ಹೋದ ಜನವರಿಯಲ್ಲಿ ಗೆಳೆಯನೊಬ್ಬ ಗಿರಿಯನ್ನು ಸರ್ಪದಾರಿಯಿಂದ ಹತ್ತಿಸಿದ. ಕಾರಿನಲ್ಲಿ ಹೋಗುವಾಗ ಬದಿಯಲ್ಲೇ ಸಿಗುವ ದಾರಿ, ನಾನು ಗಮನಿಸಿಯೇ ಇರಲಿಲ್ಲ. ಹೆಸರಿನಂತೆ ಹಾವಿನ ಹಾಗೆ ಹುಲ್ಲಿನ ನಡುವೆ ಬಳುಕುತ್ತಾ ಏರುತ್ತದೆ. ಮರ ಇಲ್ಲ, ನೆರಳಿಲ್ಲ, ಬಿಸಿಲೇರುವ ಮುಂಚೆ ಹೊರಡಬೇಕು. ಬುಧವಾರ ಬೆಳಗ್ಗೆ ಏಳೂವರೆಗೆ ಅದೇ ಗುಡಿಯ ಮುಂದೆ ನಿಂತಿದ್ದೆ. ಕಣಿವೆ ತುಂಬ ಮೋಡ, ಗಾಡಿಯ ಸದ್ದೇ ಇಲ್ಲ. ಅಮ್ಮನ ಜೊತೆ ಬಂದಾಗ ನಾನು ನೋಡಿದ್ದು ಈ ಬೆಟ್ಟವೇನಾ ಅನ್ನಿಸಿತು.

ಮನೆಯವರ ಜೊತೆಯಾದರೆ ಗಿರಿ, ಕಾರಿನಲ್ಲಿ, ವಾರದ ನಡುವೆ. ಒಂದಿಡೀ ದಿನ ನಡೆಯುವ ಮನಸ್ಸಿದ್ದರೆ ತಡಿಯಂಡಮೋಳ್, ಅದಕ್ಕೆ ಅರಣ್ಯ ಇಲಾಖೆಯ ಬುಕಿಂಗ್ ಮೊದಲೇ ನೋಡಿಕೊಳ್ಳಿ. ಅರ್ಧ ದಿನ ಮಾತ್ರ ಇದೆಯಾ? ಸರ್ಪದಾರಿ. ಎರಡು ಲೀಟರ್ ನೀರು ಮರೆಯಬೇಡಿ, ನಾನು ಒಂದೇ ಒಯ್ದಿದ್ದೆ.