ಫೈರ್‌ವಾಚ್: ನಕ್ಷೆ ಕೈಯಲ್ಲಿರುವವರೆಗೆ ಸೊಗಸು

ಕ್ಯಾಂಪೊ ಸ್ಯಾಂಟೊ ಎಂಬ ಸಣ್ಣ ತಂಡ 2016ರ ಫೆಬ್ರವರಿಯಲ್ಲಿ ಹೊರತಂದ ‘ಫೈರ್‌ವಾಚ್’ ಎಂಬ ವಿಡಿಯೋ ಗೇಮ್ ಬಗ್ಗೆ ಆಡಿದವರಲ್ಲಿ ಇಂದಿಗೂ ಒಮ್ಮತವಿಲ್ಲ. ಕಥೆ ಚೆನ್ನಾಗಿದೆ, ಆಡುವುದಕ್ಕೇ ಏನೂ ಇಲ್ಲ ಎನ್ನುವವರು ಕೆಲವರಾದರೆ, ಇಂಥ ಕಥೆಗೆ ಅಷ್ಟು ಗೇಮ್‌ಪ್ಲೇ ಸಾಕು ಎನ್ನುವವರು ಇನ್ನು ಕೆಲವರು. ಚಿಕ್ಕಮಗಳೂರಿನಲ್ಲಿ ಕುಳಿತು ಇದನ್ನು ಆಡಿ ಮುಗಿಸಿದ ನನಗೆ ಎರಡು ವಾದಗಳೂ ಒಪ್ಪಿಗೆಯಾಗಲಿಲ್ಲ. ಆಟಗಾರನ ಕೈಯಿಂದ ಕೆಲಸ ಕಿತ್ತುಕೊಂಡ ಕಡೆಗಳಲ್ಲೇ ಇಲ್ಲಿನ ಕಥೆಯೂ ಸೊರಗುತ್ತದೆ.

ಕಥೆ ನಡೆಯುವುದು 1989ರ ಬೇಸಿಗೆಯಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಶೋಶೋನಿ ಅರಣ್ಯದಲ್ಲಿ; ಅದರ ಹಿಂದಿನ ವರ್ಷವಷ್ಟೇ ಪಕ್ಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಕಾಳ್ಗಿಚ್ಚಿಗೆ ತುತ್ತಾಗಿತ್ತು. ಹೆಂಡತಿ ಜೂಲಿಯಾಳಿಗೆ ಮಧ್ಯವಯಸ್ಸಿಗೇ ಮರೆವಿನ ಕಾಯಿಲೆ ಬಂದ ಮೇಲೆ, ಊರು ಬಿಟ್ಟ ಹೆನ್ರಿ ಬೆಂಕಿ ಕಾವಲಿನ ಗೋಪುರವೊಂದಕ್ಕೆ ಕೆಲಸಕ್ಕೆ ಸೇರುತ್ತಾನೆ. ಇನ್ನೊಂದು ಗೋಪುರದಲ್ಲಿರುವ ಮೇಲಧಿಕಾರಿ ಡೆಲೈಲಾ ವಾಕಿಟಾಕಿಯ ದನಿಯಾಗಿ ಮಾತ್ರ ಜೊತೆಗಿರುತ್ತಾಳೆ. ಆ ದನಿ ಸಿಸ್ಸಿ ಜೋನ್ಸ್ ಅವರದು. ಅದಕ್ಕಾಗಿ ಅವರಿಗೆ 2017ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದಿತು.

ದಾಂಪತ್ಯದ ಹಿನ್ನೆಲೆಯನ್ನು ಆಟದ ಆರಂಭದಲ್ಲಿ ಬರೀ ಅಕ್ಷರಗಳಲ್ಲಿ ಹೇಳಲಾಗುತ್ತದೆ. ಯಾವ ನಾಯಿ ಸಾಕಬೇಕು, ಜೂಲಿಯಾಳನ್ನು ಮನೆಯಲ್ಲೇ ನೋಡಿಕೊಳ್ಳಬೇಕೋ ಆರೈಕೆ ಕೇಂದ್ರಕ್ಕೆ ಸೇರಿಸಬೇಕೋ ಎಂಬುದನ್ನೆಲ್ಲ ನಾವೇ ಆರಿಸಬೇಕು. ಏನನ್ನೇ ಆರಿಸಿದರೂ ಕೊನೆಗೆ ಅವಳ ತಂದೆತಾಯಿ ಅವಳನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ಯುತ್ತಾರೆ. ಇದನ್ನು ಮೋಸವೆಂದು ದೂರುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ, ಗುಂಡಿ ಒತ್ತಿದ್ದು ನನ್ನದೇ ಬೆರಳಾದ್ದರಿಂದ ಹೆನ್ರಿಯ ಅಪರಾಧಪ್ರಜ್ಞೆಯಲ್ಲಿ ನನಗೂ ಒಂದು ಪಾಲು ಬಂತು, ಮತ್ತು ಆ ಪಾಲು ಆಟ ಮುಗಿಯುವವರೆಗೂ ಜೊತೆಗೇ ಇತ್ತು.

ಗೋಪುರದಿಂದ ಇಳಿದ ಮೇಲೆ ಒಂದು ಕೈಯಲ್ಲಿ ನಕ್ಷೆ, ಇನ್ನೊಂದರಲ್ಲಿ ದಿಕ್ಸೂಚಿ. ದಾರಿಯಲ್ಲಿ ಸಿಗುವ ಸಾಮಾನಿನ ಪೆಟ್ಟಿಗೆಗಳ ಬೀಗಕ್ಕೆಲ್ಲ 1234 ಎಂಬ ಒಂದೇ ಸಂಖ್ಯೆ. ಸರ್ಕಾರಿ ಕೆಲಸದ ಪರಿಚಯವಿದ್ದವರಿಗೆ ಇಲ್ಲಿ ನಗು ಬಾರದಿರದು. ಪೆಟ್ಟಿಗೆ ತೆರೆದರೆ ಒಳಗಿನ ಗುರುತುಗಳನ್ನು ಹೆನ್ರಿ ತನ್ನ ನಕ್ಷೆಗೆ ನಕಲು ಮಾಡಿಕೊಳ್ಳುತ್ತಾನೆ. ಏನಾದರೂ ಕಣ್ಣಿಗೆ ಬಿದ್ದರೆ ವಾಕಿಟಾಕಿಯಲ್ಲಿ ತಿಳಿಸಬಹುದು, ಇಲ್ಲವೇ ಸುಮ್ಮನಿರಬಹುದು. ಡೆಲೈಲಾ ಕೇಳಿದ ಪ್ರಶ್ನೆಗೆ ನಿಗದಿತ ಸಮಯದೊಳಗೆ ಉತ್ತರ ಕೊಡದಿದ್ದರೆ ಆ ಮೌನವನ್ನೇ ಉತ್ತರವೆಂದು ಅವಳು ಭಾವಿಸುತ್ತಾಳೆ. ನಡೆಯುತ್ತ, ದಾರಿ ಹುಡುಕುತ್ತ, ಏನು ಹೇಳಲಿ ಎಂದು ಯೋಚಿಸುತ್ತ ಹೋಗುವ ಈ ಭಾಗಗಳಲ್ಲಿ ಕಥೆ ಯಾವುದು, ಆಟ ಯಾವುದು ಎಂದು ಬೇರೆ ಮಾಡಿ ತೂಗುವ ಅಗತ್ಯವೇ ಬೀಳುವುದಿಲ್ಲ.

ನನ್ನ ತಕರಾರು ಕಾವಲಿನ ಕೆಲಸದ ಬಗ್ಗೆ. ನಮ್ಮ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ಹುಲ್ಲು ಒಣಗುವ ಫೆಬ್ರವರಿ, ಮಾರ್ಚ್‌ ತಿಂಗಳುಗಳಲ್ಲಿ ಅರಣ್ಯ ಇಲಾಖೆಯ ಕಾವಲುಗಾರರು ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಕಾಯುತ್ತ, ಹಸಿ ಸೊಪ್ಪಿನಿಂದ ಬೆಂಕಿ ಬಡಿಯುತ್ತ ಪಡುವ ಪಾಡನ್ನು ಬಲ್ಲವರಿಗೆ ಹೆನ್ರಿಯ ಬೇಸಿಗೆ ರಜೆಯಂತೆ ಕಾಣುತ್ತದೆ. ಅವನ ಗೋಪುರದಲ್ಲಿ ಹೊಗೆಯ ದಿಕ್ಕು ಅಳೆಯುವ ಆಸ್ಬಾರ್ನ್ ಫೈರ್ ಫೈಂಡರ್ ಉಂಟು. ಎರಡು ಗೋಪುರಗಳಿಂದ ಒಂದೇ ಹೊಗೆಯ ದಿಕ್ಕನ್ನು ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ, ಆ ಗೆರೆಗಳು ಕೂಡುವಲ್ಲಿ ಬೆಂಕಿ ಇರುತ್ತದೆ. ಒಬ್ಬರ ಮುಖ ಒಬ್ಬರು ನೋಡದ ಈ ಇಬ್ಬರನ್ನು ಒಂದೇ ಕೆಲಸಕ್ಕೆ ಹಚ್ಚಲು, ಒಬ್ಬರ ಮಾತನ್ನು ಇನ್ನೊಬ್ಬರು ನಂಬಬೇಕೇ ಎಂಬ ಪ್ರಶ್ನೆಯನ್ನು ಆಟಗಾರನ ಮುಂದಿಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಿಲ್ಲ. ಆದರೆ ಆಟದಲ್ಲಿ ಆ ಉಪಕರಣಕ್ಕಿರುವ ಕೆಲಸ ಹೆಸರಿಗಷ್ಟೇ.

ಉತ್ತರಾರ್ಧದಲ್ಲಿ ಯಾರೋ ತಮ್ಮ ಮೇಲೆ ಕಣ್ಣಿಟ್ಟಿದ್ದಾರೆಂಬ ಅನುಮಾನ ಬೆಳೆಯುತ್ತಿದ್ದಂತೆ ದಿನಗಳು ಜಿಗಿಯತೊಡಗುತ್ತವೆ. ಅಲ್ಲಿಗೆ ಹೋಗು, ಇದನ್ನು ತೆಗೆದುಕೋ ಎಂಬ ಆಜ್ಞೆಗಳೇ ಹೆಚ್ಚಾಗುತ್ತವೆ. ರಹಸ್ಯ ಬಿಡಿಸುವ ಸುಳಿವುಗಳನ್ನು ನಾವು ಜೋಡಿಸುವುದಿಲ್ಲ, ಹೆನ್ರಿ ಓದಿ ಹೇಳಿದ್ದನ್ನು ಕೇಳುತ್ತೇವೆ. ಅಂತ್ಯ ನೀರಸವೆಂಬ ಪ್ರಸಿದ್ಧ ದೂರಿಗೆ ಮೂಲ ಇದೇ ಇರಬೇಕು. ಅಂತ್ಯದಲ್ಲಿ ಬಯಲಾಗುವ ಸತ್ಯ ದುರ್ಬಲವಾದುದಲ್ಲ, ಅದನ್ನು ನಾವಾಗಿ ಕಂಡುಕೊಳ್ಳಲು ಬಿಟ್ಟಿದ್ದರೆ ಇನ್ನಷ್ಟು ನಾಟುತ್ತಿತ್ತು.

ಆಲಿ ಮಾಸ್ ಅವರ ಸಂಜೆಗೆಂಪಿನ ಬಣ್ಣಗಳಿಗೂ ಕ್ರಿಸ್ ರೆಮೊ ಅವರ ಮೆಲುದನಿಯ ಸಂಗೀತಕ್ಕೂ ಹೆಸರಿಡುವಂತಿಲ್ಲ. ಒಟ್ಟು ಅವಧಿ ನಾಲ್ಕೈದು ಗಂಟೆ. ಹೊಡೆದಾಟ, ಒಗಟು ಬೇಕೆನ್ನುವವರು ಕೊಳ್ಳದಿರುವುದೇ ಲೇಸು. ಇಂಗ್ಲಿಷ್ ಸಂಭಾಷಣೆ ವೇಗವಾಗಿ ಸಾಗುವುದರಿಂದ ಸಬ್‌ಟೈಟಲ್ ಹಾಕಿಕೊಳ್ಳಿ. ಜೊತೆಗೆ, ನಾವಿರುವ ಜಾಗವನ್ನು ನಕ್ಷೆಯಲ್ಲಿ ತೋರಿಸುವ ಗುರುತನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ ಆಡಿದರೆ ದಾರಿ ಹುಡುಕುವ ಕೆಲಸವಾದರೂ ಪೂರ್ತಿ ನಿಮ್ಮದಾಗುತ್ತದೆ.