ತುವೊಲ್ ಸ್ಲೆಂಗ್ ಮ್ಯೂಸಿಯಂನ ಆಡಿಯೋ ಗೈಡ್: ಒಬ್ಬ ಲೆಕ್ಕದ ಮಾಷ್ಟ್ರು ಕೇಳಿದ್ದು

ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯಲ್ಲಿ 29 ವರ್ಷ ಲೆಕ್ಕ ಕಲಿಸಿ ನಿವೃತ್ತನಾದವನು ನಾನು. ಹೋದ ಡಿಸೆಂಬರಿನಲ್ಲಿ ಅಳಿಯನ ಜೊತೆ ಕಾಂಬೋಡಿಯಾಕ್ಕೆ ಹೋಗಿದ್ದೆ. ಟ್ರಾವೆಲ್ಸ್‌ನವರು ಬರೆದುಕೊಟ್ಟ ಪಟ್ಟಿಯಲ್ಲಿ ಈ ಮ್ಯೂಸಿಯಂಗೆ ಒಂದೇ ಗಂಟೆ, ಆಮೇಲೆ ಮಾರ್ಕೆಟ್. ನಾವು ಮಾರ್ಕೆಟ್ ಬಿಟ್ಟೆವು. ನೀವೂ ಬಿಡಿ. ಇಲ್ಲಿಗೆ ಮೂರು ಗಂಟೆಯಾದರೂ ಬೇಕು.

ನಾವು ಹೋದಾಗ ಟಿಕೆಟ್ 5 ಡಾಲರ್, ಆಡಿಯೋ ಗೈಡ್‌ಗೆ ಮತ್ತೆ 5. ದುಡ್ಡು ಉಳಿಸಲು ಹೋಗಬೇಡಿ. ಕನ್ನಡ ಇಲ್ಲ, ನಾನು ಇಂಗ್ಲಿಷಿನಲ್ಲಿ ಕೇಳಿದೆ. ನಿಧಾನವಾಗಿ, ಬಿಡಿಸಿ ಹೇಳುತ್ತಾರೆ. ಅಲ್ಲಲ್ಲಿ ನಂಬರ್ ಹಾಕಿದ್ದಾರೆ, ಅದನ್ನು ಒತ್ತಿದರೆ ಆ ಜಾಗದ ಮಾತು ಬರುತ್ತದೆ. ಬೇಕಾದಲ್ಲಿ ನಿಲ್ಲಿಸಬಹುದು. ನಾನು ಜಾಸ್ತಿಯೇ ನಿಲ್ಲಿಸಿದೆ.

ಯಾಕೆಂದರೆ ಅದು ಶಾಲೆ. ಉದ್ದ ಜಗಲಿ, ಸಾಲಾಗಿ ಕ್ಲಾಸ್‌ರೂಮುಗಳು, ಅಂಗಳದಲ್ಲಿ ದೇವಕಣಗಿಲೆ ಮರ. ಕಾಲು ಇಟ್ಟ ಕೂಡಲೇ ಗೊತ್ತಾಗುತ್ತದೆ. 1975ರ ಏಪ್ರಿಲ್ 17ರಂದು ಪೊಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ರಾಜಧಾನಿ ಫ್ನಾಮ್ ಪೆನ್‌ಗೆ ನುಗ್ಗಿ ಊರನ್ನೇ ಖಾಲಿ ಮಾಡಿಸಿತು. ಆಮೇಲೆ ಈ ಶಾಲೆ ಎಸ್-21 ಎಂಬ ಜೈಲಾಯಿತು. ಒಂದು ಕ್ಲಾಸಿನೊಳಗೆ ಇಟ್ಟಿಗೆ ಕಟ್ಟಿ ಮಾಡಿದ ಕೋಣೆಗಳಿವೆ. ಒಂದರ ಬಾಗಿಲಲ್ಲಿ ನಿಂತು ಕೈ ಚಾಚಿದೆ. ಪೂರ್ತಿ ಚಾಚುವ ಮೊದಲೇ ಎರಡೂ ಗೋಡೆ ತಾಗಿತು. ಮುಂದಿನ ಕಟ್ಟಡದಲ್ಲಿ ಕೈದಿಗಳ ಫೋಟೋ. ಅಂಗಿಗೆ ನಂಬರ್ ಚುಚ್ಚಿಕೊಂಡ ಮಕ್ಕಳೂ ಇದ್ದಾರೆ, ನಮ್ಮ ಏಳನೇ ಕ್ಲಾಸಿನವರ ಪ್ರಾಯದವರು. “ಮಾವ, ಸಾಕು. ಹೊರಗೆ ಹೋಗುವ” ಅಂದ ಅಳಿಯ. ಹತ್ತು ನಿಮಿಷ ಬೆಂಚಿನಲ್ಲಿ ಕೂತು ಮತ್ತೆ ಒಳಗೆ ಹೋದೆವು.

ಜೈಲಿನ ಮುಖ್ಯಸ್ಥ ಡುಚ್ ಮೊದಲು ಲೆಕ್ಕದ ಮಾಷ್ಟ್ರಾಗಿದ್ದ. ಇದನ್ನು ಕೇಳಿ ಇಯರ್‌ಫೋನ್ ತೆಗೆದೆ. ಹಿಂಸೆ ಕೊಟ್ಟು ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನು ಅವನು ಓದಿ, ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ. ನಾನೂ ಅಷ್ಟು ವರ್ಷ ಪೇಪರುಗಳ ಅಂಚಿನಲ್ಲಿ ಬರೆದವನೇ ಅಲ್ವಾ. ಆ ರಾತ್ರಿ ನಿದ್ದೆ ಬರಲಿಲ್ಲ.

1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಬಂದಾಗ ಜೈಲಿನವರು ಓಡಿದರು. ಸಾವಿರಾರು ಕಾಗದಗಳು ಅಲ್ಲೇ ಉಳಿದವು. ಮೂವತ್ತು ವರ್ಷದ ನಂತರ ವಿಶ್ವಸಂಸ್ಥೆಯ ನೆರವಿನ ಕೋರ್ಟಿನಲ್ಲಿ ಅವೇ ಸಾಕ್ಷಿಯಾದವು, ಡುಚ್‌ನ ಕೈಬರಹವೂ ಸೇರಿ. 2010ರಲ್ಲಿ 35 ವರ್ಷ ಶಿಕ್ಷೆ ಆಯಿತು. 2012ರಲ್ಲಿ ಅಪೀಲಿನಲ್ಲಿ ಅದು ಜೀವಾವಧಿಗೆ ಏರಿತು. 2020ರಲ್ಲಿ ಕೈದಿಯಾಗಿಯೇ ಸತ್ತ. ಪೊಲ್ ಪಾಟ್ ಮಾತ್ರ ಈ ಕೋರ್ಟ್ ಹುಟ್ಟುವ ಮೊದಲೇ, 1998ರಲ್ಲಿ, ಕಾಡಿನಲ್ಲಿ ಸತ್ತಿದ್ದ. ಅಷ್ಟೆಲ್ಲ ವರ್ಷ ನಡೆದ ಕೋರ್ಟಿನಲ್ಲಿ ಅಪರಾಧ ಸಾಬೀತಾದದ್ದು ಮೂವರ ಮೇಲೆ. ಕಡಿಮೆ. ನನಗೆ ಸಿಟ್ಟಿದೆ.

ಆದರೆ ಒಂದು ಸಂಖ್ಯೆಗೆ ಆ ಕೋರ್ಟಿಗೆ ಕೈಮುಗಿಯುತ್ತೇನೆ. ಖ್ಮೇರ್ ರೂಜ್ ಆಳ್ವಿಕೆಯಲ್ಲಿ ದೇಶದಲ್ಲಿ ಸತ್ತವರು ಸುಮಾರು 17 ಲಕ್ಷ ಎನ್ನುತ್ತಾರೆ. ಅದು ಅಂದಾಜು. ಡುಚ್‌ನ ತೀರ್ಪಿನಲ್ಲಿ ಈ ಜೈಲಿಗೆ ಬಲಿಯಾದವರು ‘ಸುಮಾರು ಹನ್ನೆರಡು ಸಾವಿರ’ ಅಂತ ಸುಮ್ನೆ ಬರೆದು ಬಿಡಲಿಲ್ಲ. ಕಡಿಮೆ ಎಂದರೂ 12,272 ಜನ ಎಂದು ಬರೆದರು. ಪಟ್ಟಿಗಳನ್ನು ಹಿಡಿದು ಒಬ್ಬೊಬ್ಬರನ್ನಾಗಿ ಎಣಿಸಿದ್ದಾರೆ. ಕೊನೆಯ ಆ ಇಬ್ಬರನ್ನೂ ಬಿಟ್ಟಿಲ್ಲ.

ಅಂಗಳದ ಸ್ಮಾರಕದ ಸುತ್ತ ಕಪ್ಪು ಕಲ್ಲಿನ ಮೇಲೆ ಹೆಸರುಗಳಿವೆ. ಖ್ಮೇರ್ ಲಿಪಿ ನನಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾಡುವ ಹಾಗೆ ಬೆರಳು ಇಟ್ಟು, ಒಂದು ಸಾಲು ಮೇಲಿನಿಂದ ಕೆಳಗೆ ಎಣಿಸಿದೆ. ಅಳಿಯ ಪಕ್ಕದ ಸಾಲು ಎಣಿಸಿದ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬೆಳಿಗ್ಗೆ 8ಕ್ಕೇ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ.